ಗುಳೆ ಬಂದವರ ಜೊತೆಗೇ ದೇವದುರ್ಗಕ್ಕೆ: ಹೊಲಿಗೆ ಘಟಕ ಒಯ್ದ ನನ್ನ ಅನುಭವ

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿದ್ದ ನನ್ನ ಸಿದ್ಧ ಉಡುಪು ಘಟಕದ ಅರ್ಧದಷ್ಟು ಯಂತ್ರಗಳನ್ನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಒಯ್ಯುತ್ತೇನೆಂದು 2017ರಲ್ಲಿ ಹೇಳಿದಾಗ ಇದೇ ಕಸುಬಿನ ಗೆಳೆಯರು ಒಬ್ಬರೂ ಒಪ್ಪಲಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಅಲ್ಲಿ ಟೈಲರ್‌ಗಳು ಸಿಗುವುದಿಲ್ಲವೆಂದು ಎಲ್ಲರೂ ಎಚ್ಚರಿಸಿದರು. ಆದರೆ ಆ ಕಡೆಯಿಂದ ಗುಳೆ ಬಂದ ಹೆಣ್ಣುಮಕ್ಕಳೇ ನನ್ನ ಲೈನಿನಲ್ಲಿ ಕುಳಿತು ಕಾಲರ್ ಹೊಲಿಯುತ್ತಿದ್ದುದನ್ನು ಅವರಾರೂ ಗಮನಿಸಿರಲಿಲ್ಲ. ಮೊದಲಿಗೆ ನಾನೂ ಗಮನಿಸಲಿಲ್ಲ.

ಮೊದಲ ವರ್ಷ ಬೆಂಗಳೂರಿನ ಸೂಪರ್‌ವೈಸರ್‌ಗಳನ್ನು ಹೆಚ್ಚಿನ ಸಂಬಳ, ಮನೆ ಬಾಡಿಗೆ ಕೊಟ್ಟು ಕರೆದೊಯ್ದೆ. ಮಕ್ಕಳ ಶಾಲೆಯ ಕಾರಣ ಹೇಳಿ ನಾಲ್ಕು ತಿಂಗಳಲ್ಲಿ ಎಲ್ಲರೂ ಹಿಂದಿರುಗಿದರು. ಸುಮಾರು 6 ಲಕ್ಷ ಹೋಯಿತು. ಬಳಿಕ ಸ್ಥಳೀಯರಾದ 60 ಹುಡುಗಿಯರಿಗೆ ಎರಡು ತಿಂಗಳು ಭತ್ಯೆ ಕೊಟ್ಟು ಕಲಿಸಿದೆ. ಕೈ ಕುದುರುವಷ್ಟರಲ್ಲಿ ಡಿಸೆಂಬರ್ ಬಂತು. "ಹತ್ತಿ ಬಿಡಸಾಕ ಹೋಗಬೇಕ್ರಿ ಅಣ್ಣಾರ, ಮನ್ಯಾಗ ಬಿಡವಲ್ರು" ಎಂದು ಒಬ್ಬಳು ಹೇಳಿದ ಮರುದಿನ ಅರ್ಧ ಲೈನು ಖಾಲಿಯಾಗಿತ್ತು. ಆರ್ಡರ್ ತಡವಾಗಿ ಖರೀದಿದಾರರು ಕಡಿತ ಮಾಡಿದ ಹಣವೇ 9 ಲಕ್ಷದಷ್ಟಿತ್ತು. ಪತ್ನಿಯ ಒಡವೆ ಅಡವಿಟ್ಟದ್ದು ಆಗಲೇ.

ಮೂರನೆಯ ಸಲ ಬೊಮ್ಮನಹಳ್ಳಿಯ ಲೈನಿನಿಂದಲೇ, ಆ ಸೀಮೆಯ ಹನ್ನೊಂದು ಮಂದಿ ಹೆಂಗಸರನ್ನು ಅದೇ ಸಂಬಳಕ್ಕೆ ಊರಿಗೆ ಮರಳಿಸಿದೆ. ಬೆಂಗಳೂರಿನ ಬಾಡಿಗೆ ಉಳಿದದ್ದೇ ಅವರಿಗೆ ಬಡ್ತಿಯಾಯಿತು. ಪ್ರತಿಯೊಬ್ಬರಿಗೂ ತಮ್ಮ ಊರಿನ ಏಳೆಂಟು ಹುಡುಗಿಯರ ಹೊಣೆ ವಹಿಸಿ, ಊರಿಗೊಂದು ವ್ಯಾನು ಗೊತ್ತುಮಾಡಿದೆ. ಹೆತ್ತವರು ನಂಬಿದ್ದು ನನ್ನನ್ನಲ್ಲ, ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತ ತಮ್ಮೂರ ಅಕ್ಕನನ್ನು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಸಣ್ಣ ಆರ್ಡರ್‌ಗಳನ್ನಷ್ಟೇ ಹಿಡಿಯುತ್ತೇನೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಂಗೈ ಬೆವರು ಬಿಳಿ ಬಟ್ಟೆಯ ಮೇಲೆ ಹಳದಿ ಕಲೆಯಾಗಿ ಉಳಿಯುತ್ತಿದ್ದುದರಿಂದ ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ ಇಟ್ಟೆ. ಹಾಜರಾತಿಗೆ ಕಟ್ಟಿದ ಬೋನಸ್ ಲೆಕ್ಕವೊಂದಿದೆ. ಅದನ್ನು ಇಲ್ಲಿ ಬಿಡಿಸಿ ಹೇಳಲಾರೆ.

ನಡುವೆ ಹಳ್ಳಿಯ ಮನೆಗಳಿಗೇ ಯಂತ್ರ ಕೊಟ್ಟು ನೋಡಿದೆ. ಎರೆಮಣ್ಣಿನ ಧೂಳು ಬಾಬಿನ್ ಕೇಸಿನಲ್ಲಿ ಮೆತ್ತಿಕೊಂಡು ದಾರ ಕಡಿಯುತ್ತಿತ್ತು, ಒಬ್ಬೊಬ್ಬರ ಹೊಲಿಗೆ ಒಂದೊಂದು ಅಳತೆಗೆ ಬರುತ್ತಿತ್ತು. ಆರು ತಿಂಗಳಿಗೆ ಕೈಬಿಟ್ಟೆ. ಹತ್ತಿ ಬೆಳೆಯುವ ನೆಲದಲ್ಲೇ ಬಟ್ಟೆಯನ್ನೂ ಕೊಳ್ಳಬೇಕೆಂಬ ಆಸೆ ಇನ್ನೂ ಈಡೇರಿಲ್ಲ.

ಇಂದು ನೂರಕ್ಕೂ ಹೆಚ್ಚು ಯಂತ್ರಗಳು ಓಡುತ್ತಿವೆ. ಆರಂಭದಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಪೀಸ್ ವಾಪಸಾಗುತ್ತಿದ್ದವು. ಈಗ ಮೂರು ದಾಟುವುದಿಲ್ಲ, ಬೆಂಗಳೂರಿನಲ್ಲೂ ನಾನು ಇದನ್ನು ಸಾಧಿಸಿರಲಿಲ್ಲ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ದೊರೆತದ್ದು ದೊಡ್ಡ ಮಾತೇ. ಆದರೆ ಎಸ್ಸೆಸ್ಸೆಲ್ಸಿ ದಾಟದ ಹುಡುಗಿಗೆ ಸಂಜೆ ಮನೆ ಸೇರುವಷ್ಟು ಹತ್ತಿರದಲ್ಲಿ ಕೆಲಸ ಬೇಕು. ಅಂದು ಬೇಡವೆಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ಲಿಂಗಸುಗೂರಿನ ಕಡೆ ಜಾಗ ನೋಡುತ್ತಿದ್ದಾರೆ. ಬೊಮ್ಮನಹಳ್ಳಿಯ ಉಳಿದ ಯಂತ್ರಗಳನ್ನು ಕಳೆದ ವರ್ಷ ತರಿಸಿದೆ. ಲಾರಿ ಬಾಡಿಗೆ ಮಾತಾಡಿ, ಯಂತ್ರಗಳನ್ನು ಎಣಿಸಿ ಇಳಿಸಿಕೊಂಡವರು ಆ ಹನ್ನೊಂದು ಮಂದಿಯಲ್ಲೇ ಒಬ್ಬರು.