ನಿದ್ದೆಗೆಟ್ಟ ಮರುದಿನ ಗಮನವನ್ನು ಕಾಪಾಡಿಕೊಳ್ಳುವ ಬಗೆ

ರಾತ್ರಿಯಿಡೀ ಎಚ್ಚರವಿದ್ದಾಗ ಗಮನವನ್ನು ನಿರ್ದೇಶಿಸುವ ಮಿದುಳಿನ ಜಾಲಗಳ ಹೊಂದಾಣಿಕೆ ಸಡಿಲಗೊಳ್ಳುತ್ತದೆ. ವಿಶ್ರಾಂತಿಯ ಹೊತ್ತಿನಲ್ಲಿ ಚುರುಕಾಗುವ ಜಾಲವು ಕೆಲಸದ ನಡುವೆಯೂ ತಲೆಹಾಕುವುದರಿಂದ, ಕಣ್ಣು ತೆರೆದಿದ್ದರೂ ಕ್ಷಣಕಾಲ ಗಮನ ತಪ್ಪಿಹೋಗುತ್ತದೆ. ಆದ್ದರಿಂದ ಅಂಥ ದಿನ ಮೊದಲು ವಾಹನ ಚಾಲನೆಯನ್ನು ಕೈಬಿಡಿ: ಸತತ 17 ಗಂಟೆ ಎಚ್ಚರವಿದ್ದವರ ಸಾಮರ್ಥ್ಯವು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ‘ನನಗೆ ಆರು ಗಂಟೆ ಸಾಕು’ ಎಂಬ ಹೆಮ್ಮೆಯನ್ನೂ ನಂಬಬೇಡಿ. 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಎರಡು ವಾರ ಹಾಗೆ ಮಲಗಿದವರ ಗಮನ ದಿನೇದಿನೇ ಕುಸಿದರೂ ಅವರಿಗೆ ಅದು ಅಷ್ಟಾಗಿ ತಿಳಿದಿರಲಿಲ್ಲ. ಮಧ್ಯಾಹ್ನ 20 ನಿಮಿಷ ಮಲಗಿ, ಅಲಾರಂ ಇಟ್ಟುಕೊಳ್ಳಿ. ಕೆಫೀನ್‌ನ ಅರ್ಧಭಾಗ ದೇಹದಿಂದ ಕಳೆಯಲು ಸುಮಾರು 5 ಗಂಟೆ ಬೇಕಾಗುವುದರಿಂದ, ಸಂಜೆಯ ಕಾಫಿ ಎಷ್ಟೇ ಪ್ರಿಯವಾದರೂ ಅಂದು ಬಿಡುವುದೇ ಒಳಿತು.