ಲೆಸ್ಟರ್‌ನ ಮನೆ, ಮುಲುಂಡಿನ ವಿಳಾಸ

2025ರ ಫೆಬ್ರವರಿ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಇಂಗ್ಲೆಂಡಿನಲ್ಲಿರುವ ಚಿಕ್ಕಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದಳು. "ಅಕ್ಕ, ಇದು ನಿಮ್ಮ ಮನೆಯಲ್ವಾ?" ಕೆಂಪು ಇಟ್ಟಿಗೆಯ ಸಾಲುಮನೆ, ಹಸಿರು ಬಾಗಿಲು, ಪಕ್ಕದಲ್ಲೇ ಮರದ ಕಂಬಕ್ಕೆ ಹೊಡೆದ 'ಫಾರ್ ಸೇಲ್' ಬೋರ್ಡು. ಆ ಬಾಗಿಲಿಗೆ ಹಸಿರು ಬಣ್ಣ ಬಳಿದವಳು ನಾನೇ. ಎರಡು ಭಾನುವಾರ ಹಿಡಿದಿತ್ತು.

ಆ ಮನೆ ನನ್ನದು ಮತ್ತು ಅಣ್ಣನದು. 2002ರಲ್ಲಿ ನರ್ಸ್ ಕೆಲಸಕ್ಕೆಂದು ಲೆಸ್ಟರ್‌ಗೆ ಹೋದವಳು ನಾನು, ಅಣ್ಣ ಅದಕ್ಕಿಂತ ಮೊದಲೇ ಅಲ್ಲಿದ್ದ. 2006ರಲ್ಲಿ ಇಬ್ಬರೂ ಸೇರಿ ಮನೆ ಕೊಂಡೆವು. 2012ರಲ್ಲಿ ಅತ್ತೆ ಹಾಸಿಗೆ ಹಿಡಿದರು, ನಾನು ಮುಂಬೈಗೆ ವಾಪಸು ಬಂದೆ. ಅಂದಿನಿಂದ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ವ್ಯವಹಾರವೆಲ್ಲ ಅಣ್ಣನದೇ, ನನ್ನ ಪಾಲಿನ ಬಾಡಿಗೆ ಖಾತೆಗೆ ಬೀಳುತ್ತದೆ. ಹದಿಮೂರು ವರ್ಷ ಒಂದೇ ಒಂದು ಕಾಗದ ನೋಡಿರಲಿಲ್ಲ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹೌದು ಎಂದರೆ ಜಗಳ, ಇಲ್ಲ ಎಂದರೆ ಅನುಮಾನಪಟ್ಟ ಪಾಪ. ಮೊದಲು ದಾಖಲೆ ನೋಡೋಣ ಎಂದು ಕಂಪ್ಯೂಟರ್ ಮುಂದೆ ಕುಳಿತೆ. ಅಲ್ಲೇ ಮೊದಲ ಏಟು ತಿಂದೆ. ಹುಡುಕಿದಾಗ ಮೇಲೆ ಬಂದ ಜಾಲತಾಣ ಸರ್ಕಾರದ್ದೇ ಇರಬೇಕೆಂದು ನಂಬಿ ಸುಮಾರು 30 ಪೌಂಡ್ ಕಟ್ಟಿದೆ. ಅದು ಮಧ್ಯವರ್ತಿಗಳದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂದಾಖಲೆ ಇಡುವುದು ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ, ಅದರ ಅಧಿಕೃತ ತಾಣದಲ್ಲಿ ಅದೇ ಕಾಗದಕ್ಕೆ 7 ಪೌಂಡ್. ಯಾರ ಮನೆಯ ದಾಖಲೆಯನ್ನು ಯಾರು ಬೇಕಾದರೂ ದುಡ್ಡು ಕಟ್ಟಿ ನೋಡಬಹುದು. ಅಂದರೆ ಮೋಸ ಮಾಡುವವನೂ ನೋಡಬಹುದು.

ಆ ದಾಖಲೆಯಲ್ಲಿ ಎ, ಬಿ, ಸಿ ಎಂದು ಮೂರು ಭಾಗ. ಮಾಲೀಕರ ವಿವರ ಬಿ ಭಾಗದಲ್ಲಿ. ನನ್ನ ಹೆಸರು ಇತ್ತು, ಅಣ್ಣನ ಹೆಸರು ಇತ್ತು. ಮಾರಾಟ ಆಗಿಲ್ಲ. ಉಸಿರು ಬಂತು. ಆದರೆ ಹೆಸರಿನ ಮುಂದಿನ ವಿಳಾಸ ನೋಡಿ ಮತ್ತೆ ಎದೆ ಧಸಕ್ಕೆಂದಿತು. ನನ್ನ ವಿಳಾಸ ಎಂದು ಇದ್ದದ್ದು ಅದೇ ಲೆಸ್ಟರ್ ಮನೆ! ಮನೆಯ ಬಗ್ಗೆ ಲ್ಯಾಂಡ್ ರಿಜಿಸ್ಟ್ರಿ ನನಗೆ ಏನೇ ನೋಟಿಸು ಕಳಿಸಿದರೂ ಅದು ಬೀಳುವುದು ಬಾಡಿಗೆಯವರ ಬಾಗಿಲ ಸಂದಿಯಲ್ಲಿ, ಪಿಜ್ಜಾ ಅಂಗಡಿಯ ಚೀಟಿಗಳ ಜೊತೆ. ಹದಿಮೂರು ವರ್ಷದಲ್ಲಿ ಏನೇನು ಬಂದಿತ್ತೋ, ಯಾರು ಕಸದ ಬುಟ್ಟಿಗೆ ಹಾಕಿದರೋ.

ಮಾಟುಂಗಾದ ಮೈಸೂರು ಅಸೋಸಿಯೇಷನ್ ಕಾರ್ಯಕ್ರಮಗಳಲ್ಲಿ ಸಿಗುವ ಹಿರಿಯ ವಕೀಲರೊಬ್ಬರ ಪರಿಚಯ ನಮಗಿದೆ. ಭಾನುವಾರ ಮುಲುಂಡಿನಿಂದ ಸ್ಲೋ ಲೋಕಲ್ ಹಿಡಿದು ಹೋದೆ. ದಾಖಲೆ ನೋಡಿ, "ಇಂಗ್ಲೆಂಡಿನ ಕಾನೂನು ನನಗೆ ಬರೋದಿಲ್ಲಮ್ಮ, ಅಲ್ಲಿಯ ಸಾಲಿಸಿಟರ್‌ನೇ ಹಿಡಿಯಿರಿ" ಎಂದರು. ಕಾಫಿ ಅರ್ಧಕ್ಕೆ ಬಂದಾಗ ಕೇಳಿದರು: "ಬರುವಾಗ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಏನಾದರೂ ಬರೆದುಕೊಟ್ಟಿದ್ದೀರಾ?"

ಕೊಟ್ಟಿದ್ದೆ. ಬಾಡಿಗೆ ಕರಾರಿಗೆ ಪ್ರತಿ ಸಲ ನನ್ನ ಸಹಿ ಎಲ್ಲಿ ಹುಡುಕುವುದು ಎಂದು ಹೊರಡುವ ವಾರದಲ್ಲಿ ಒಂದು ಪುಟದ ಜನರಲ್ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದ್ದೆ. ಬಾಡಿಗೆಗೆ ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಕಾಗದದಲ್ಲಿ ಹಾಗೆ ಬರೆದಿರಲಿಲ್ಲ.

ಚಿಕ್ಕಮ್ಮನ ಮಗಳೇ ಲೆಸ್ಟರ್‌ನಲ್ಲಿ ಒಬ್ಬ ಸಾಲಿಸಿಟರ್ ಹುಡುಕಿ ಕೊಟ್ಟಳು. ಮೊದಲೇ ಫೀಸು ನಿಗದಿ ಮಾಡಿಕೊಂಡು ವಿಡಿಯೋ ಕಾಲ್‌ನಲ್ಲಿ ಮಾತಾಡಿದೆವು. ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರಿಜಿಸ್ಟರ್‌ನಲ್ಲಿ ಇಬ್ಬರ ಹೆಸರಿದ್ದರೆ ಮನೆ ವರ್ಗಾಯಿಸುವ ಪತ್ರಕ್ಕೆ ಇಬ್ಬರ ಸಹಿಯೂ ಬೇಕು. ಆದ್ದರಿಂದ ನನಗೆ ತಿಳಿಯದೆ ಮನೆ ಹೋಗಬೇಕಾದರೆ ಒಂದೋ ನನ್ನ ಸಹಿ ಫೋರ್ಜರಿ ಆಗಬೇಕು, ಇಲ್ಲವೇ ನಾನೇ ಎಂದು ಬೇರೆ ಯಾರೋ ಹೋಗಿ ನಿಲ್ಲಬೇಕು, ಅದೂ ಇಲ್ಲದಿದ್ದರೆ ನಾನೇ ಕೊಟ್ಟ ಅಧಿಕಾರ ಪತ್ರ ಕೆಲಸ ಮಾಡಬೇಕು. ಮೊದಲೆರಡು ನಡೆಯದ ಮಾತೇನಲ್ಲ. 2021ರಲ್ಲಿ ಲೂಟನ್‌ನ ಪಾದ್ರಿಯೊಬ್ಬರು ಕೆಲಸದ ಮೇಲೆ ವೇಲ್ಸ್‌ನಲ್ಲಿದ್ದಾಗ ಅವರ ಹೆಸರಿನಲ್ಲಿ ಬೇರೆ ಯಾರೋ ಅವರ ಮನೆ ಮಾರಿಬಿಟ್ಟಿದ್ದರು. ಅವರು ಬಂದು ನೋಡಿದರೆ ಒಳಗೆ ಸಾಮಾನೇ ಇಲ್ಲ, ರಿಪೇರಿ ಕೆಲಸದವರಿದ್ದರು. ಖಾಲಿ ಮನೆ, ಬಾಡಿಗೆ ಮನೆ, ಪರದೇಶದ ಮಾಲೀಕರ ಮನೆ, ಸಾಲ ತೀರಿದ ಮನೆ ಇವೇ ಇಂಥವರಿಗೆ ಸುಲಭದ ತುತ್ತು. ನಮ್ಮದು ಖಾಲಿ ಇರಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದೆಲ್ಲ ಹೊಂದುತ್ತಿತ್ತು.

ಪವರ್ ಆಫ್ ಅಟಾರ್ನಿಯ ವಿಷಯದಲ್ಲಿ ಅಲ್ಲಿ ಒಂದು ತಡೆ ಇದೆಯಂತೆ. ಜಂಟಿ ಮಾಲೀಕರು ಕಾನೂನಿನ ದೃಷ್ಟಿಯಲ್ಲಿ ಟ್ರಸ್ಟಿಗಳು, ಅಂದರೆ ಪಾಲುದಾರರೆಲ್ಲರ ಪರವಾಗಿ ಆಸ್ತಿ ಹಿಡಿದವರು. ಮಾರಾಟದ ಹಣಕ್ಕೆ ಕನಿಷ್ಠ ಇಬ್ಬರು ರಸೀದಿ ಕೊಡಬೇಕು. ಒಬ್ಬನೇ ತನ್ನ ಪರವಾಗಿಯೂ ಇನ್ನೊಬ್ಬರ ಅಟಾರ್ನಿಯಾಗಿಯೂ ಸಹಿ ಮಾಡಿದರೆ ಇಬ್ಬರಾಗುವುದಿಲ್ಲ ಎಂದು 1999ರ ಕಾಯ್ದೆ ಹೇಳುತ್ತದೆ. "ಹಾಗೆಂದು ಅದನ್ನು ನೆಚ್ಚಿ ಕೂರಬೇಡಿ, ಆ ಪತ್ರವನ್ನು ಮೊದಲು ರದ್ದು ಮಾಡಿ" ಎಂದರು ಆಕೆ. ನನಗೂ ಅದೇ ಸರಿ ಎನಿಸಿತು.

ಈಗ ಅಣ್ಣನಿಗೆ ಹೇಳಲೇಬೇಕಿತ್ತು. ರದ್ದು ಪತ್ರ ಬರೆದು ಪೆಟ್ಟಿಗೆಯಲ್ಲಿಟ್ಟರೆ ಉಪಯೋಗವಿಲ್ಲ. ಅಧಿಕಾರ ಪಡೆದವನಿಗೆ, ಆ ಪತ್ರ ನಂಬಿ ವ್ಯವಹಾರ ಮಾಡುವವರಿಗೆಲ್ಲ ರದ್ದಾದ ವಿಷಯ ಮುಟ್ಟಬೇಕು. ರದ್ದಾದದ್ದು ಗೊತ್ತಿಲ್ಲದೆ ವ್ಯವಹಾರ ಮಾಡಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಫೋನ್ ಮಾಡಿದೆ. ಬೋರ್ಡಿನ ಫೋಟೋದಿಂದಲೇ ಶುರು ಮಾಡಿದೆ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂತ ಮಾರಾಯ್ತಿ, ಅದು ಪಕ್ಕದ ಮನೆಯವರ ಬೋರ್ಡು. ಎರಡು ಬಾಗಿಲಿನ ನಡುವೆ ನೆಟ್ಟಿದ್ದಾರೆ, ಸರಿಯಾಗಿ ನೋಡು" ಎಂದ. ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಣದ ಗುರುತು ಎಡಕ್ಕೆ ತೋರಿಸುತ್ತಿತ್ತು. ನಮ್ಮದು ಬಲಕ್ಕೆ.

ನಾಚಿಕೆಯಾಯಿತು. ಅದೇ ಏಜೆಂಟ್‌ನ ಹತ್ತಿರ "ನಮ್ಮದಕ್ಕೆ ಎಷ್ಟು ಬರಬಹುದು" ಎಂದು ತಾನೂ ಕೇಳಿದ್ದೆ ಎಂದು ಅವನೇ ಹೇಳಿದ. ಅಷ್ಟು ಹೇಳಿದ್ದಕ್ಕೆ ನನಗೆ ಧೈರ್ಯ ಬಂತು. "ಅಣ್ಣ, ನೀನು ಮಾರುತ್ತೀ ಅಂತ ಅಲ್ಲ. ನಾಳೆ ನನಗೋ ನಿನಗೋ ಏನಾದರೂ ಆದರೆ ಮಕ್ಕಳು ಕೋರ್ಟು ಹತ್ತಬಾರದು" ಎಂದೆ. ಅತ್ತಿಗೆ ಹಿಂದಿನಿಂದ ಏನೋ ಹೇಳಿದ್ದು ಕೇಳಿಸಿತು, ಅರ್ಥವಾಗಲಿಲ್ಲ. ಎರಡು ವಾರ ಅಣ್ಣ ಫೋನ್ ಮಾಡಲಿಲ್ಲ.

ರದ್ದು ಪತ್ರದ ಕರಡು ಸಾಲಿಸಿಟರ್ ಕಳಿಸಿದರು. ಸಾಕ್ಷಿಯ ಎದುರು ಸಹಿ ಹಾಕಿದರೆ ಇಂಗ್ಲೆಂಡಿನ ಕಾನೂನಿಗೆ ಸಾಕು. ಆದರೂ ಮುಂಬೈಯಲ್ಲಿ ಮಾಡಿದ ಸಹಿಯನ್ನು ನಾಳೆ ಯಾರೂ ಪ್ರಶ್ನಿಸದಿರಲಿ ಎಂದು ನೋಟರಿ ಮಾಡಿಸಿದೆ, ಪರದೇಶದಲ್ಲೂ ಕಾಗದ ಒಪ್ಪುವಂತೆ ಸರ್ಕಾರ ಕೊಡುವ ದೃಢೀಕರಣವಾದ ಅಪೊಸ್ಟಿಲ್ ಕೂಡ ಮಾಡಿಸಿದೆ. ಹೇಗ್ ಅಪೊಸ್ಟಿಲ್ ಒಪ್ಪಂದ ಭಾರತಕ್ಕೆ 2005ರಿಂದ ಅನ್ವಯವಾಗುತ್ತದೆ. ನೋಟರಿ ಸಹಿ ಮಾಡಿದ ಮೇಲೆ ರಾಜ್ಯ ಮಟ್ಟದಲ್ಲಿ ಒಂದು ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್. ಓಡಾಡುವ ಶಕ್ತಿ ಇಲ್ಲದೆ ಒಬ್ಬ ಏಜೆಂಟನಿಗೆ ಕೊಟ್ಟೆ, ಮೂರು ವಾರ ಹಿಡಿಯಿತು. ಮೊದಲ ಸಲ ವಾಪಸೂ ಬಂತು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು, ಲೆಸ್ಟರ್ ದಾಖಲೆಯಲ್ಲಿ ತವರಿನ ಹೆಸರು ಎಂದು. ಮದುವೆಯ ನಂತರ ಹೆಸರು ಬದಲಾದ ಹೆಂಗಸರೆಲ್ಲ ಮದುವೆ ಪ್ರಮಾಣಪತ್ರದ ದೃಢೀಕೃತ ನಕಲು ಮೊದಲೇ ಜೋಡಿಸಿಡಿ.

ವಿಳಾಸ ಬದಲಾವಣೆ ಮಾತ್ರ ಸುಲಭ, ಶುಲ್ಕವಿಲ್ಲ. ಸಿಓಜಿ1 ಎಂಬ ಫಾರ್ಮ್. ಒಬ್ಬ ಮಾಲೀಕ ಮೂರು ವಿಳಾಸಗಳವರೆಗೆ ಕೊಡಬಹುದು. ಒಂದಾದರೂ ಅಂಚೆ ವಿಳಾಸ ಇರಬೇಕು, ಅದು ಪರದೇಶದ್ದೂ ಆಗಬಹುದು, ಇಮೇಲ್ ಕೂಡ ನಡೆಯುತ್ತದೆ. ನಾನು ಮುಲುಂಡಿನ ಫ್ಲ್ಯಾಟ್, ನನ್ನ ಇಮೇಲ್, ಮಗಳ ಇಮೇಲ್ ಕೊಟ್ಟೆ. ಫ್ಲ್ಯಾಟ್ ನಂಬರ್, ವಿಂಗ್, ಸೊಸೈಟಿ, ಅಡ್ಡರಸ್ತೆ, 'ಗಣಪತಿ ದೇವಸ್ಥಾನದ ಎದುರು' ಎಂದೆಲ್ಲ ಬರೆಯಹೋಗಿ ಜಾಗ ಸಾಲದೆ ದೇವಸ್ಥಾನವನ್ನು ಬಿಟ್ಟೆ.

ಅದೇ ದಿನ ಪ್ರಾಪರ್ಟಿ ಅಲರ್ಟ್ ಎಂಬ ಸೇವೆಗೂ ಹೆಸರು ನೋಂದಾಯಿಸಿದೆ. ಇದೂ ಲ್ಯಾಂಡ್ ರಿಜಿಸ್ಟ್ರಿಯದೇ, ಉಚಿತ, ಹತ್ತು ಆಸ್ತಿಗಳವರೆಗೆ. ಆ ಮನೆಯ ಮೇಲೆ ಯಾರಾದರೂ ಅರ್ಜಿ ಹಾಕಿದರೆ ಅಥವಾ ಮಾರಾಟ, ಸಾಲದ ತಯಾರಿಗೆಂದು ಅಧಿಕೃತ ಶೋಧ ಮಾಡಿಸಿದರೆ ಇಮೇಲ್ ಬರುತ್ತದೆ. ಅದು ಏನನ್ನೂ ತಡೆಯುವುದಿಲ್ಲ, ಕೂಗಿ ಹೇಳುತ್ತದೆ ಅಷ್ಟೆ. ನಮ್ಮ ಸೊಸೈಟಿಯ ರಾತ್ರಿ ವಾಚ್‌ಮನ್ ಥರ, ಆದರೆ ನಿದ್ದೆ ಮಾಡುವುದಿಲ್ಲ.

ತಡೆಯುವುದು ರಿಸ್ಟ್ರಿಕ್ಷನ್, ಅಂದರೆ ರಿಜಿಸ್ಟರ್‌ನಲ್ಲಿ ಬರೆಸುವ ನಿರ್ಬಂಧ. ಮಾಲೀಕರು ಆ ಮನೆಯಲ್ಲಿ ವಾಸವಿಲ್ಲದಿದ್ದರೆ ಆರ್‌ಕ್ಯೂ ಎಂಬ ಫಾರ್ಮ್ ಇದೆ, ಅದಕ್ಕೂ ದುಡ್ಡಿಲ್ಲ. ಇದು ದಾಖಲಾದರೆ, ಸಹಿ ಹಾಕಿದವರು ನಿಜವಾದ ಮಾಲೀಕರೇ ಎಂದು ಸಾಲಿಸಿಟರ್ ಅಥವಾ ಕನ್ವೆಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರ ಮಾಡುವವರು) ಪ್ರಮಾಣೀಕರಿಸುವ ತನಕ ಮಾರಾಟವೂ ನೋಂದಣಿಯಾಗದು, ಅಡಮಾನವೂ ಆಗದು. ಮೂರನೇ ವಾರ ಫೋನ್ ಮಾಡಿದ ಅಣ್ಣ, "ಕಳಿಸು ನಿನ್ನ ಫಾರ್ಮು" ಎಂದ. ಇಬ್ಬರೂ ಸಹಿ ಹಾಕಿದೆವು.

ಇನ್ನೊಂದು ವಿಷಯ ನಾನು ಕೇಳಿಯೇ ಇರಲಿಲ್ಲ, ಸಾಲಿಸಿಟರ್ ತಾವಾಗಿ ಎತ್ತಿದರು. ನನ್ನ ಲೆಕ್ಕದಲ್ಲಿ ಇಡೀ ವ್ಯವಹಾರದ ಜೀವ ಇರುವುದು ಇಲ್ಲಿ. ನಮ್ಮ ದಾಖಲೆಯ ಬಿ ಭಾಗದಲ್ಲಿ ಉಳಿದ ಒಬ್ಬರೇ ಮಾಲೀಕರು ಮಾರದಂತೆ ತಡೆಯುವ 'ಫಾರ್ಮ್ ಎ' ನಿರ್ಬಂಧ ಇರಲಿಲ್ಲ. ಅಂದರೆ ನಾವು ಜಾಯಿಂಟ್ ಟೆನೆಂಟ್ಸ್: ಒಬ್ಬರು ಸತ್ತರೆ ಅವರ ಪಾಲು ಉಯಿಲಿಗೂ ಬಾರದೆ, ಮಕ್ಕಳಿಗೂ ಬಾರದೆ ನೇರವಾಗಿ ಉಳಿದವರಿಗೆ. ನಾನು ಮೊದಲು ಹೋದರೆ ಪೂರ್ತಿ ಮನೆ ಅಣ್ಣನದು, ಅವನು ಮೊದಲು ಹೋದರೆ ಅತ್ತಿಗೆಗೆ ಏನೂ ಇಲ್ಲ. ಬದುಕುಳಿದವರು ಒಬ್ಬರೇ ಸಹಿ ಹಾಕಿ ಮಾರಬಹುದು. ಕೊಳ್ಳುವಾಗ ಯಾರೋ ವಿವರಿಸಿದ್ದರೇನೋ. ಆಗ ನಮಗಿದ್ದ ಚಿಂತೆ ಅಡ್ವಾನ್ಸ್ ದುಡ್ಡಿನದು.

ಇದನ್ನು ಮುರಿಯಲು ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. 1925ರ ಲಾ ಆಫ್ ಪ್ರಾಪರ್ಟಿ ಕಾಯ್ದೆಯ ಪ್ರಕಾರ ಒಬ್ಬರು ಲಿಖಿತ ನೋಟಿಸು ಕೊಟ್ಟರೆ ಸಾಕು. ಅಣ್ಣ ನೋಟಿಸಿನ ಕೆಳಗೆ 'ತಲುಪಿದೆ' ಎಂದು ಸಹಿ ಹಾಕಿ ಕಳಿಸಿದ್ದರಿಂದ, ಅದನ್ನು ರಿಜಿಸ್ಟರ್‌ಗೆ ಸೇರಿಸುವ ಎಸ್‌ಇವಿ ಫಾರ್ಮ್‌ನ ಕೆಲಸ ಸಲೀಸಾಯಿತು. ಫಾರ್ಮ್ ಎ ದಾಖಲಾಯಿತು: ಉಳಿದ ಒಬ್ಬರೇ ಮಾಲೀಕರು ಇನ್ನು ಕೋರ್ಟಿನ ಆದೇಶವಿಲ್ಲದೆ ಒಂಟಿಯಾಗಿ ಮಾರಲಾರರು, ಎರಡನೇ ಟ್ರಸ್ಟಿಯನ್ನು ನೇಮಿಸಿಕೊಳ್ಳಬೇಕು. ಆದರೆ ಜಾಯಿಂಟ್ ಟೆನೆನ್ಸಿ ಮುರಿದಾಗ ಪಾಲು ಸಮಸಮ. ಅಂದು ಅಡ್ವಾನ್ಸಿಗೆ ನಾನು ಹಾಕಿದ್ದು ಅಣ್ಣನಿಗಿಂತ ಜಾಸ್ತಿ, ಅದನ್ನು ಎಲ್ಲೂ ಬರೆಸಿರಲಿಲ್ಲ. ಅದು ಹೋಯಿತು. ರಾತ್ರಿ ಮಲಗಿದಾಗ ಒಮ್ಮೊಮ್ಮೆ ಆ ಮೊತ್ತ ನೆನಪಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಅರ್ಧ ಪಾಲು ನನ್ನದೆಂದು ಆದ ಮೇಲೆ ಅದಕ್ಕೆ ಉಯಿಲು ಬೇಕಾಯಿತು. ಲೆಸ್ಟರ್ ಪಾಲಿಗೆಂದೇ ಬೇರೆ ಉಯಿಲು ಮಾಡಿದೆ. 'ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸುತ್ತೇನೆ' ಎಂಬ ಮಾಮೂಲಿ ಸಾಲು ಅದರಲ್ಲಿ ಬಾರದಂತೆ ನೋಡಿಕೊಂಡೆ, ಇಲ್ಲದಿದ್ದರೆ ಮುಲುಂಡಿನ ಫ್ಲ್ಯಾಟಿನ ಉಯಿಲು ಹಾರಿಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಮನೆಗೆ ಬೀಗ ಜಡಿದಂತಾಗಲಿಲ್ಲ ಎಂದು ಸಾಲಿಸಿಟರ್ ಸ್ಪಷ್ಟವಾಗಿ ಹೇಳಿದರು. ಅಣ್ಣ ಮಾರಲೇಬೇಕೆಂದು ಹೊರಟರೆ 1996ರ ಟ್ರಸ್ಟ್ಸ್ ಆಫ್ ಲ್ಯಾಂಡ್ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು, ಕೋರ್ಟು ಮಾರಾಟಕ್ಕೆ ಆದೇಶ ಕೊಡಲೂಬಹುದು. ಆಗ ನನ್ನ ಪಾಲಿನ ದುಡ್ಡು ಬರುತ್ತದೆ, ಮನೆ ಉಳಿಯುವುದಿಲ್ಲ. ನನಗೆ ಬೇಕಿದ್ದದ್ದು ಹೇಳದೆ ಕೇಳದೆ ಆಗಬಾರದು ಅನ್ನುವುದಷ್ಟೆ, ಹಾಗಾಗಿ ಅದಕ್ಕೆ ನನ್ನ ತಕರಾರಿಲ್ಲ. ಸ್ಕಾಟ್ಲೆಂಡಿನಲ್ಲಿ ಮನೆ ಇದ್ದವರು ನನ್ನ ಫಾರ್ಮ್‌ಗಳನ್ನು ಹುಡುಕಬೇಡಿ, ಅಲ್ಲಿಯ ರಿಜಿಸ್ಟರ್ ಬೇರೆ, ಕಾನೂನೂ ಬೇರೆ.

ಇಲ್ಲಿಯ ತಲೆನೋವು ಒಂದಿದೆ. ಅಲ್ಲಿ ವಾಸವಿದ್ದಾಗ ಕೊಂಡ ಮನೆಯನ್ನು ವಾಪಸು ಬಂದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4)ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಆದಾಯ ತೆರಿಗೆ ರಿಟರ್ನ್‌ನ ವಿದೇಶದ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎಯಲ್ಲಿ ಪ್ರತಿ ವರ್ಷ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡದ ಪೆಟ್ಟು ಬೀಳಬಹುದು. ನಮ್ಮ ಸಿಎ ಬಾಡಿಗೆ ತೋರಿಸಿದ್ದರು, ಪುಣ್ಯಕ್ಕೆ ಮನೆಯನ್ನೂ ತೋರಿಸಿದ್ದರು.

ಜೂನ್‌ನಲ್ಲಿ ಒಂದು ಸಂಜೆ ಪ್ರಾಪರ್ಟಿ ಅಲರ್ಟ್‌ನಿಂದ ಇಮೇಲ್ ಬಂತು: ನಿಮ್ಮ ಆಸ್ತಿಯ ಮೇಲೆ ಅರ್ಜಿ ಸಲ್ಲಿಕೆಯಾಗಿದೆ. ಕೈ ನಡುಗಿತು. ತೆರೆದು ನೋಡಿದರೆ ನನ್ನದೇ ಎಸ್‌ಇವಿ ಅರ್ಜಿ.

ಪಕ್ಕದ ಮನೆ ಆಗಸ್ಟಿನಲ್ಲಿ ಮಾರಾಟವಾಯಿತು. ಹೊಸಬರು ಬಂದ ವಾರವೇ ಎರಡೂ ಮನೆಗಳಿಗೆ ಸೇರಿದ ಚಿಮಣಿ ಸೋರುತ್ತಿದೆ ಎಂದು ಅಣ್ಣನ ಬಾಗಿಲು ಬಡಿದರಂತೆ. ಅಣ್ಣ ರಿಪೇರಿಯ ಅಂದಾಜುಪಟ್ಟಿಯ ಫೋಟೋ ಕಳಿಸಿದ್ದಾನೆ, ಕೆಳಗೆ ಒಂದೇ ಸಾಲು: "ಅರ್ಧ ನಿಂದು, ರಿಜಿಸ್ಟರ್‌ನಲ್ಲೇ ಉಂಟು."