ತಿಪ್ಪೇರುದ್ರಸ್ವಾಮಿ ಹೋಗಿ ರುದ್ರ ಆದ ಕತೆ

ನನ್ನ ಹೆಸರು ಕನ್ನಡದಲ್ಲಿ ಬರೆದರೆ 6 ಅಕ್ಷರ. ಇಂಗ್ಲಿಷಿನಲ್ಲಿ 16. ತಿಪ್ಪೇರುದ್ರಸ್ವಾಮಿ.

ನಮ್ಮದು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಪಕ್ಕದ ಹಳ್ಳಿ. ಅಲ್ಲಿ ಇದು ಕಷ್ಟದ ಹೆಸರೇ ಅಲ್ಲ. ಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಹೆತ್ತ ಮಕ್ಕಳು ಬೀದಿಗೆ ನಾಲ್ಕು ಸಿಗುತ್ತಾರೆ. ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನಲ್ಲೇ ಮೂವರು ತಿಪ್ಪೇಸ್ವಾಮಿ, ಒಬ್ಬಳು ತಿಪ್ಪಮ್ಮ, ಜೊತೆಗೆ ನಾನು. ಮೇಷ್ಟ್ರು ಅಪ್ಪನ ಹೆಸರು ಸೇರಿಸಿ ಕೂಗುತ್ತಿದ್ದರು, ಅಷ್ಟೇ.

ನನಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಹಾಗಾಗಿ ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಟ್ಟು, ಪಕ್ಕದ ಮನೆಯವರ ಕೈಲಿ ಎತ್ತಿಸಿಕೊಂಡು ಬಂದಳಂತೆ. ಯಾರೋ ಬಿಸಾಕಿದ ಮಗು, ಇದನ್ನೇನು ಒಯ್ಯೋದು ಅಂತ ಸಾವು ಸುಮ್ನೆ ಹೋಗಲಿ ಅಂತ. ಫಾಲ್ಗುಣದ ಜಾತ್ರೆಯಲ್ಲಿ ಈಗಲೂ ಅಮ್ಮ ನನ್ನ ಹೆಸರಲ್ಲಿ ಕೊಬ್ಬರಿ ಸುಡುತ್ತಾಳೆ.

2013ರಲ್ಲಿ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಡ್ಮಿಷನ್ ದಿನ ಕೌಂಟರ್‌ನಲ್ಲಿದ್ದವರು ನನ್ನ ಮಾರ್ಕ್ಸ್ ಕಾರ್ಡ್ ಹಿಡಿದು "ಥಿಪ್ಪರ್..." ಅಂದು ನಿಂತರು. ಮತ್ತೆ ಮೊದಲಿಂದ ಶುರು ಮಾಡಿದರು. ಮತ್ತೆ "ಥಿಪ್ಪರ್". ಹಿಂದೆ ಸಾಲಿನಲ್ಲಿದ್ದ ಒಬ್ಬ ಮೆಲ್ಲಗೆ "ಟಿಪ್ಪರ್" ಅಂದ. ಇನ್ನೊಬ್ಬ ನಕ್ಕ. ಜಲ್ಲಿ ಹೊಡೆಯೋ ಲಾರಿ. ನಾಲ್ಕು ವರ್ಷ ಹೀಗೇ ಕರೆಸಿಕೊಳ್ಳಬೇಕಾ ಅಂತ ಹೊಟ್ಟೆಯಲ್ಲಿ ಹುಳಿ ಹಿಂಡಿದ ಹಾಗಾಯಿತು. ಅವತ್ತೇ ರಾತ್ರಿ ಹೆಸರು ಬದಲಿಸುವ ತೀರ್ಮಾನ ಮಾಡಿದೆ.

ಮೊದಲು ಆರಿಸಿಕೊಂಡಿದ್ದು ತೇಜಸ್. ಯಾಕೆ ಅಂದ್ರೆ 'ಟಿ'ಯಿಂದ ಶುರುವಾಗುತ್ತೆ, ಸಿಟಿ ಹುಡುಗನ ಹೆಸರಿನ ಹಾಗಿದೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ಹಾಗೇ ಹೇಳಿಕೊಂಡೆ. ಮೂರನೇ ದಿನ ಊಟದ ಹಾಲ್‌ನಲ್ಲಿ ಯಾರೋ ಹಿಂದಿನಿಂದ ತೇಜಸ್, ತೇಜಸ್ ಅಂತ ಕೂಗುತ್ತಿದ್ದಾರೆ, ನಾನು ಆರಾಮಾಗಿ ಸಾಂಬಾರ್ ಬಡಿಸಿಕೊಳ್ಳುತ್ತಿದ್ದೇನೆ. ಕೊನೆಗೆ ಬಂದು ಭುಜ ತಟ್ಟಿದ. "ಏನ್ ಮಗಾ, ಇಷ್ಟು ಕೊಬ್ಬು?" ಹೆಸರನ್ನು ನಾಲಿಗೆ ಒಂದು ದಿನದಲ್ಲಿ ಕಲಿಯುತ್ತೆ. ಕಿವಿ ಕಲಿಯಲ್ಲ. ನನ್ನ ಕಿವಿ ತಿಪ್ಪ ಅಂದ್ರೆ ಮಾತ್ರ ತಿರುಗುತ್ತಿತ್ತು.

ಸರಿ, ಸ್ವಂತ ಹೆಸರಿನದ್ದೇ ತುಂಡು ಇಟ್ಟುಕೊಳ್ಳೋಣ ಅಂತ ಸ್ವಾಮಿ ಅಂದುಕೊಂಡೆ. ಅದು ಇನ್ನೊಂದು ಪಜೀತಿ. ಬೆಂಗಳೂರಿನಲ್ಲಿ ಎಲ್ಲರೂ ಸ್ವಾಮಿಗಳೇ! "ಏನ್ ಸ್ವಾಮಿ, ಕಣ್ಣು ಕಾಣಲ್ವಾ?" ಅಂತ ಆಟೋದವರು ಯಾರಿಗೆ ಬೈದರೂ ನಾನು ತಿರುಗಿ ನೋಡುತ್ತಿದ್ದೆ. ಅಯ್ಯಪ್ಪನ ಮಾಲೆ ಹಾಕಿದ್ದ ಸೀನಿಯರ್‌ಗಳು ಬೇರೆ ಇದ್ದರು, ಅವರನ್ನೂ ಸ್ವಾಮಿ ಅಂತಲೇ ಕರೀಬೇಕು. ಸ್ವಾಮಿಗೆ ಬಿಸಿನೀರು ಕೊಡ್ರೋ ಅಂದ್ರೆ ಯಾವ ಸ್ವಾಮಿಗೆ?

ಉಳಿದಿದ್ದು ನಡುವಿನ ತುಂಡು. ರುದ್ರ. ಎರಡೇ ಅಕ್ಷರ, ಬಿಹಾರದ ರೂಮ್‌ಮೇಟ್‌ಗೂ ಸಲೀಸು. ನನ್ನ ಹೆಸರೊಳಗೇ ಇದ್ದದ್ದರಿಂದ ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ಆಮೇಲೆ ಮಾಡಿದ್ದು ಇಷ್ಟೇ. ಯಾರಾದರೂ ನಂಬರ್ ಕೇಳಿದರೆ ಅವರ ಫೋನ್ ಇಸಿದುಕೊಂಡು ನಾನೇ ರುದ್ರ ಅಂತ ಸೇವ್ ಮಾಡಿ ಕೊಡುತ್ತಿದ್ದೆ. ರೆಕಾರ್ಡ್ ಬುಕ್ಕಿನ ರಟ್ಟಿನ ಮೇಲೆ ಪೂರ್ತಿ ಹೆಸರು, ಒಳಗಿನ ಪುಟದಲ್ಲಿ ದಪ್ಪಕ್ಷರದಲ್ಲಿ ರುದ್ರ. ಲ್ಯಾಬ್ ಮೇಡಂ ಹತ್ತಿರ ನಾನೇ ಹೋಗಿ, "ಮೇಡಂ, ರುದ್ರ ಅಂತ ಕರೀರಿ, ಸಾಕು" ಅಂದೆ. ಅವರಿಗೂ ನೆಮ್ಮದಿಯಾಯಿತು ಅನ್ಸುತ್ತೆ, ನಕ್ಕರು. ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಒಂದು ಅನುಕೂಲ ಇದೆ. ಸಾಮಾನ್ಯವಾಗಿ ಹಾಜರಿ ಕೂಗುವುದು ಹೆಸರು ಹಿಡಿದಲ್ಲ, ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಅಂದ್ರೆ ಯುಎಸ್‌ಎನ್‌ನ ಕೊನೆಯ ಅಂಕಿಗಳನ್ನು ಹಿಡಿದು. ಹಾಗಾಗಿ ಗುಟ್ಟು ರಟ್ಟಾಗಲಿಲ್ಲ.

ಕಾಗದದ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಅಫಿಡವಿಟ್, ಪೇಪರ್‌ನಲ್ಲಿ ಜಾಹೀರಾತು ಅಂತ ಹೊರಟವರನ್ನು ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಆದರೆ ಓಡಾಡಿ ಚಪ್ಪಲಿ ಸವೆಯುತ್ತೆ. ಆಧಾರ್‌ನಲ್ಲಂತೂ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅದರಲ್ಲಿ ಒಂದನ್ನು ನಾನು ಬಿಟ್ಟುಹೋಗಿದ್ದ ಒಂದು 'ಎಚ್' ಸೇರಿಸೋದಕ್ಕೇ ಕಳೆದುಕೊಂಡಿದ್ದೇನೆ.

ನವೆಂಬರ್‌ನಲ್ಲಿ ಶೇಂಗಾ ಕಿತ್ತ ಮೇಲೆ ಅಪ್ಪ ಹೇಳದೆ ಕೇಳದೆ ಬಂದರು, ಹೆಗಲ ಮೇಲೆ ಅರ್ಧ ಚೀಲ ಕಾಯಿ. ನನ್ನ ಫೋನ್ ಚಾರ್ಜ್ ಖಾಲಿ. ಗೇಟಿನಲ್ಲಿ ಮೂರು ಹುಡುಗರನ್ನು ಕೇಳಿದ್ದಾರೆ, ತಿಪ್ಪೇರುದ್ರಸ್ವಾಮಿ ಅನ್ನೋರು ಇಲ್ಲಿ ಯಾರೂ ಇಲ್ಲ ಅಂದಿದ್ದಾರೆ. ಸಂಜೆ ನಾನು ಬರುವವರೆಗೆ ವಾಚ್‌ಮನ್ ಪಕ್ಕ ಸ್ಟೂಲಿನ ಮೇಲೆ ಕೂತು ಅವನಿಗೆ ಶೇಂಗಾ ಸುಲಿದು ಕೊಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ವಿಷಯ ಹೇಳಿದೆ. ಅಪ್ಪ ಸಿಪ್ಪೆ ಕೊಡವಿಕೊಂಡು, "ಅದಕ್ಯಾಕೆ ಮಕ ಸಣ್ಣ ಮಾಡ್ತೀಯ? ನಂಗೂ ಎರಡೈತೆ" ಅಂದರು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯೋದು ಗುಂಡಣ್ಣ ಅಂತ. ದಾಖಲೆಯಲ್ಲಿ ಇರೋದು ಮಲ್ಲಿಕಾರ್ಜುನ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಗುಂಡ ಅನ್ನೋದು ಒಂದು ಹೆಸರಾ ಅಂತ ತಾವೇ ಬರೆದುಕೊಂಡರಂತೆ. ಹುಟ್ಟಿದ ದಿನ ಜೂನ್ 1 ಅಂತಲೂ ಅವರೇ ಬರೆದದ್ದು. ಊರಲ್ಲಿ ಅಪ್ಪನ ವಯಸ್ಸಿನವರು ಸುಮಾರು ಜನ ಜೂನ್ 1ಕ್ಕೇ ಹುಟ್ಟಿದ್ದಾರೆ.

ಅಮ್ಮ ಮಾತ್ರ ಒಪ್ಪಲಿಲ್ಲ. "ದೇವರ ಹೆಸರು ಮುರಿದು ತಿಂತೀಯಾ?" ಅಂತ ಫೋನಿನಲ್ಲಿ ಕೇಳಿದಳು. ರುದ್ರ ಅನ್ನೋದೂ ದೇವರೇ ಅಲ್ವಾ ಅಂದೆ. "ಅದು ಊರಿಗೆಲ್ಲಾ ದೇವರು. ನಾನು ಹರಕೆ ಹೊತ್ತಿದ್ದು ನಮ್ಮ ಹಟ್ಟಿಯಪ್ಪಂಗೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಗುಟ್ಟು ಬಯಲಾಗಿದ್ದು ಮೊದಲ ಸೆಮಿಸ್ಟರ್ ರಿಸಲ್ಟ್ ದಿನ. ಹಾಸ್ಟೆಲಿನಲ್ಲಿ ಒಂದು ಕೆಟ್ಟ ಚಟ ಇತ್ತು. ತಮ್ಮ ರಿಸಲ್ಟ್ ನೋಡಿದ ಮೇಲೆ ಇಡೀ ಸೆಕ್ಷನ್‌ನ ಯುಎಸ್‌ಎನ್‌ಗಳನ್ನು ಒಂದೊಂದಾಗಿ ಒತ್ತಿ ಎಲ್ಲರದ್ದೂ ನೋಡೋದು. ನನ್ನ ನಂಬರ್ ಒತ್ತಿದಾಗ ಪರದೆ ಮೇಲೆ 16 ಅಕ್ಷರ ಬಂತು. "ಇದ್ಯಾರೋ ಥಿಪ್ಪರ್... ಎಂ-1 ಫೇಲು?" ಅಂದ ರೂಮ್‌ಮೇಟ್. ಎಂ-1 ಅಂದ್ರೆ ಮೊದಲ ಸೆಮಿಸ್ಟರಿನ ಗಣಿತ. ನಾನು ಗೋಡೆ ನೋಡುತ್ತಾ ಕೂತೆ. ಎಂಟು ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ದಾವಣಗೆರೆಯ ಒಬ್ಬ ಒಂದು ಕ್ಷಣವೂ ಬಿಡಲಿಲ್ಲ, ಟೀವಿ ನ್ಯೂಸ್ ಓದುವವರ ಗಂಟಲಲ್ಲಿ ಕೂಗಿದ.

"ಟಿಪ್ಪರ್ ಪಲ್ಟಿ!"

ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನಾನೇ. ಎಂ-1 ಎರಡನೇ ಸಲಕ್ಕೆ ಪಾಸಾಯಿತು. ಆ ಎಂಟು ಜನ ಇವತ್ತಿಗೂ ಫೋನ್ ಮಾಡಿದರೆ ಟಿಪ್ಪರ್ ಅಂತಲೇ ಶುರು ಮಾಡೋದು. ಆಫೀಸಿನಲ್ಲಿ ರುದ್ರ, ಊರಲ್ಲಿ ತಿಪ್ಪ. ಮೂರಕ್ಕೂ ಕಿವಿ ತಿರುಗುತ್ತೆ.